ಕೊಡಗಿನಲ್ಲಿ ತೆಗೆದ ಎಂಟು ಫೋಟೋ

ನಮ್ಮ ಹೆಡ್‌ಮಾಸ್ತರರ ತಮ್ಮ ಇಂಗ್ಲೆಂಡಿಗೆ ಹೋಗಿ ಬಂದ. ಬಂದವನು ಸುಮ್ಮನಿರಲಿಲ್ಲ. ಅಲ್ಲಿಯ ಜನ ಊಟಕ್ಕೆ ಮುಂಚೆ ಕೈ ತೊಳೆಯುವುದಿಲ್ಲ ಎಂಬ ಒಂದೇ ಸಂಗತಿಯನ್ನು ಮೂರು ಸಭೆಗಳಲ್ಲಿ ಹೇಳಿ ಮೂರು ಸಲ ಹಾರ ಹಾಕಿಸಿಕೊಂಡ. ತಾನು ತೆಗೆದ ಫೋಟೋಗಳನ್ನು ನಮ್ಮ ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿದ. ಅವನ್ನು ನೋಡಿದ ದಿನದಿಂದ ನನಗೂ ವಿದೇಶಕ್ಕೆ ಹೋಗಬೇಕು, ಫೋಟೋ ತೆಗೆಯಬೇಕು ಎಂಬ ಹುಚ್ಚು ಹಿಡಿಯಿತು. ಮೈಸೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುವ ಮೇಷ್ಟರ ಕೈಗೆ ಎಟುಕುವ ವಿದೇಶ ಒಂದೇ ಒಂದು. ಅದು ಕೊಡಗು.

ನಗಬೇಡಿ. ಆಗ ಕೊಡಗು ಬೇರೆ ರಾಜ್ಯ. ಅದಕ್ಕೆ ಅದರದೇ ಮಂತ್ರಿಗಳು, ಅದರದೇ ಪೊಲೀಸು, ಅದರದೇ ಕಾನೂನು. ಮೈಸೂರಿನಲ್ಲಿ ಕಾಫಿ ಕುಡಿದು ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಪರರಾಜ್ಯ. ಹಡಗಿನ ವಾಂತಿಯಿಲ್ಲ, ಉಣ್ಣೆ ಕೋಟಿನ ಖರ್ಚಿಲ್ಲ. ಮೇಲಾಗಿ ಅಲ್ಲಿ ನನಗೊಬ್ಬ ಗೆಳೆಯನಿದ್ದ. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಚಿನ್ನಪ್ಪ, ಭಾಗಮಂಡಲದ ಹತ್ತಿರದ ಗೌಡರ ಮನೆಯವನು, 'ಒಮ್ಮೆಯಾದರೂ ಬಾರೋ' ಎಂದು ಏಳು ವರ್ಷದಿಂದ ಕಾಗದ ಬರೆಯುತ್ತಿದ್ದ. ಕ್ರಿಸ್‌ಮಸ್ ರಜೆಗೆ ಬರುತ್ತೇನೆಂದು ಬರೆದೆ.

ಕ್ಯಾಮೆರಾ ನನ್ನದಲ್ಲ, ನನ್ನ ಹೆಂಡತಿ ಲಲಿತೆಯ ಅಣ್ಣ ನಂಜುಂಡಯ್ಯನವರದು. ಭಾವ ಓವರ್ಸಿಯರ್. ಅವರು ಒಂದು ವಸ್ತುವನ್ನು ಕೊಡುವುದೆಂದರೆ ಕನ್ಯಾದಾನ ಮಾಡಿದ ಹಾಗೆ, ಕಣ್ಣಲ್ಲಿ ನೀರು ಬರುತ್ತದೆ. ಕಪ್ಪು ಡಬ್ಬಿಯಂಥ ಕ್ಯಾಮೆರಾ. ಅದನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನ ಸಣ್ಣ ಗಾಜಿನೊಳಗೆ ಬಗ್ಗಿ ನೋಡಿ, ಪಕ್ಕದ ಮೊಳೆ ಅದುಮಬೇಕು. ಒಂದು ಸುರುಳಿಗೆ ಎಂಟು ಚಿತ್ರ. ಎದುರಿನವರಿಗೆ, ಪಾಪ ಈತ ತನ್ನ ಹೊಕ್ಕುಳು ನೋಡಿಕೊಳ್ಳುತ್ತಿದ್ದಾನೆ ಎನ್ನಿಸುತ್ತದೆಯೇ ಹೊರತು ಫೋಟೋ ತೆಗೆಯುತ್ತಿದ್ದಾನೆಂಬ ಗುಮಾನಿ ಬರುವುದಿಲ್ಲ. ಅದೇ ನನಗೆ ಬೇಕಾಗಿದ್ದುದು. ಗೊತ್ತಿಲ್ಲದೆ ಇದ್ದಾಗ ಮಾತ್ರ ಮನುಷ್ಯ ಮನುಷ್ಯನಾಗಿರುತ್ತಾನೆ, ಗೊತ್ತಾದ ಕೂಡಲೇ ಗೊಂಬೆಯಾಗುತ್ತಾನೆ ಎಂಬುದು ನನ್ನ ಸಿದ್ಧಾಂತ. ಕ್ಯಾಮೆರಾ ಕೈಗೆ ಬಂದ ಎರಡನೇ ದಿನ ಹೊಳೆದ ಸಿದ್ಧಾಂತ ಅದು. ಆದ್ದರಿಂದ ಅದರಲ್ಲಿ ನನಗೆ ಬಹಳ ನಂಬಿಕೆ.

ಸೇತುವೆ

ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಂದ ವಿದೇಶ ಶುರು. ನೀರಿನ ಬಣ್ಣ, ಮಣ್ಣಿನ ಬಣ್ಣ, ನಾಯಿಗಳ ಬಣ್ಣ ಯಾವುದೂ ಬದಲಾಗಲಿಲ್ಲವಾದರೂ ನಾನು ಬದಲಾವಣೆಯನ್ನು ಅನುಭವಿಸಿದೆ. ಪಕ್ಕದಲ್ಲಿ ಕೂತ ಹಾಸನದ ಕಡೆಯ ರೈತರೊಬ್ಬರಿಗೆ, "ಇನ್ನು ನಾವು ಬೇರೆ ದೇಶದಲ್ಲಿದ್ದೇವೆ" ಎಂದೆ. ಅವರು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡು ನೆಲೆಸಿದವರು.

"ಹಂಗಂತೀರಾ? ನಾನು ಎಮ್ಮೆ ಹೊಡ್ಕಂಡು ದಿನಾ ಎರಡು ಸಲ ಆ ದೇಶಕ್ಕೆ ಹೋಗ್ಬತ್ತೀನಿ ಬುಡಿ," ಎಂದರು.

ಸೇತುವೆಯ ತುದಿಯಲ್ಲಿ ತಪಾಸಣೆಗೆಂದು ಬಸ್ಸು ನಿಂತಿತು. ಗುಡಿಸಲಿನ ಮುಂದೆ ಒಬ್ಬ ಪೊಲೀಸಿನವನು ಟೋಪಿ ತೆಗೆದು ಮೊಣಕಾಲಿಗೆ ಸಿಕ್ಕಿಸಿಕೊಂಡು, ಸರ್ಕಾರದ ಭಾರವನ್ನೆಲ್ಲ ಬಾಯಿಯಿಂದ ಹೊರಹಾಕುವವನಂತೆ ಆಕಳಿಸುತ್ತಿದ್ದ. ಇಂಥ ಸಹಜ ಚಿತ್ರ ಇಂಗ್ಲೆಂಡಿನಲ್ಲೂ ಸಿಗಲಾರದು. ಕಿಟಕಿಯಿಂದ ಕ್ಯಾಮೆರಾ ಹೊರಹಾಕಿ ಮೊಳೆ ಅದುಮಿದೆ. ಆಕಳಿಕೆ ಅರ್ಧದಲ್ಲಿ ನಿಂತಿತು. ಅವನು ಎದ್ದ. ಟೋಪಿ ಹಾಕಿಕೊಂಡ. ಬಸ್ಸಿನೊಳಗೆ ಬಂದ.

"ಈಗ ಫೋಟೋ ತೆಗೆದದ್ದು ಯಾರು?"

ಬಸ್ಸಿನಲ್ಲಿದ್ದ ಮೂವತ್ತು ಬೆರಳುಗಳು ನನ್ನನ್ನು ತೋರಿಸಿದವು. ಪರದೇಶದಲ್ಲಿ ಜೈಲು ಸೇರಿದರೆ ಭಾವನಿಗೆ ತಂತಿ ಕೊಡುವವರು ಯಾರು ಎಂದು ಯೋಚಿಸುತ್ತಾ ಇಳಿದೆ.

"ಟೋಪಿ ಇರಲಿಲ್ಲವಲ್ಲ ಸ್ವಾಮಿ! ಒಂದು ಮಾತು ಹೇಳೋದಲ್ವಾ? ಇನ್ನೊಂದು ತೆಗೀರಿ," ಎಂದ ಅವನು.

ಗುಂಡಿಗಳನ್ನು ಹಾಕಿಕೊಂಡ, ಮೀಸೆಗೆ ಎಂಜಲು ಹಚ್ಚಿ ತಿರುವಿದ, ಲಾಠಿಯನ್ನು ಕಂಕುಳಲ್ಲಿ ಇಟ್ಟು, ಎದೆಯುಬ್ಬಿಸಿ, ಉಸಿರು ಹಿಡಿದು ನಿಂತ. ಇಡೀ ಬಸ್ಸು ಕಾಯಿತು. ನನ್ನ ಸಿದ್ಧಾಂತಕ್ಕೆ ವಿರುದ್ಧವಾಗಿ ಎರಡನೇ ಚಿತ್ರ ಖರ್ಚಾಯಿತು. ಆಮೇಲೆ ಅವನು ಒಂದು ಚೀಟಿಯಲ್ಲಿ ತನ್ನ ವಿಳಾಸವನ್ನು ಬರೆದು, ಎರಡು ಸಲ ಓದಿ ನೋಡಿ, ನನ್ನ ಕೈಗಿಟ್ಟ.

"ಊರಲ್ಲಿ ನಮ್ಮ ತಾಯಿ ಇದ್ದಾರೆ. ನಾನು ಡ್ರೆಸ್ಸಿನಲ್ಲಿ ಇರುವುದನ್ನು ಅವರು ನೋಡಿಯೇ ಇಲ್ಲ. ಮರೀಬೇಡಿ."

"ಖಂಡಿತ ಕಳಿಸ್ತೇನೆ," ಎಂದೆ. ಪ್ರವಾಸದಲ್ಲಿ ಈ ಮಾತಿಗೆ 'ಹೋಗಿ ಬರುತ್ತೇನೆ' ಎನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲವೆಂದು ಯಾರಿಗೆ ಗೊತ್ತಿಲ್ಲ? ಮೊದಲನೇ ತಿರುವಿನಲ್ಲಿ ಚೀಟಿಯನ್ನು ಕಿಟಕಿಯಿಂದ ಹೊರಕ್ಕೆ ಬಿಟ್ಟೆ. ಅದು ಬಿದಿರು ಮೆಳೆಯ ಮೇಲೆ ಹಾರಿ ಹೋಗುವುದು ಚೆನ್ನಾಗಿ ಕಂಡಿತು.

ಮಡಿಕೇರಿ

ಮಡಿಕೇರಿಯಲ್ಲಿ ಅಂದು ಸಂತೆ. ಸಂತೆಯಲ್ಲಿ ನಿಂತು ಕಿವಿಗೊಟ್ಟರೆ ಇದು ವಿದೇಶವೆಂಬ ಅನುಮಾನವೇ ಉಳಿಯುವುದಿಲ್ಲ. ನಮ್ಮ ಮೈಸೂರಿನಲ್ಲಿ ಒಬ್ಬ ಮನುಷ್ಯ ಒಂದು ಭಾಷೆಯಲ್ಲಿ ಸುಳ್ಳು ಹೇಳುತ್ತಾನೆ. ಇಲ್ಲಿ ಒಣಮೀನಿನ ವ್ಯಾಪಾರಿ ಒಂದೇ ಬುಟ್ಟಿಯ ಮೀನನ್ನು ಮಲಯಾಳದಲ್ಲಿ ನಿನ್ನೆಯದೆಂದೂ, ತುಳುವಿನಲ್ಲಿ ಇಂದಿನದೆಂದೂ, ಕನ್ನಡದಲ್ಲಿ ಈಗಷ್ಟೇ ಬಂದದ್ದೆಂದೂ ಹೇಳುತ್ತಿದ್ದ. ಕೊಳ್ಳುವವರಿಗೂ ಎಲ್ಲ ಭಾಷೆ ಬರುತ್ತಿದ್ದುದರಿಂದ ಅವನಿಗೆ ಹೆಚ್ಚು ಪ್ರಯೋಜನವಾದಂತೆ ಕಾಣಲಿಲ್ಲ.

ಕಿತ್ತಳೆ ಬುಟ್ಟಿಗಳ ಮುಂದೆ ಸಾಲಾಗಿ ಕೂತ ಹೆಂಗಸರನ್ನು ಕಂಡು ಹೊಕ್ಕುಳು ನೋಡಿಕೊಳ್ಳಲು ನಿಂತೆ. ಒಬ್ಬಾಕೆ ಏನೋ ಅಂದಳು. ಅಷ್ಟೇ. ಕವಾಯತು ಮಾಡಿಸಿದ ಹಾಗೆ ಆರು ಮಂದಿಯೂ ಒಟ್ಟಿಗೆ ತಿರುಗಿ ಕೂತರು. ನನಗೆ ಸಿಕ್ಕಿದ್ದು ಆರು ಬೆನ್ನು. ಪಕ್ಕದಲ್ಲಿದ್ದವನನ್ನು, ಆಕೆ ಹೇಳಿದ್ದೇನು ಎಂದು ಕೇಳಿದೆ. "ಹಣ್ಣು ಕೊಳ್ಳದೆ ಮುಖ ನೋಡ್ಲಿಕ್ಕೆ ಬಂದವನೊಬ್ಬ ಇದ್ದಾನೆ ಅಂದ್ಲು," ಎಂದ.

ಅವಮಾನವಾದಾಗ ನನಗೆ ಹಸಿವಾಗುತ್ತದೆ. ಬಸ್ ನಿಲ್ದಾಣದ ಪಕ್ಕದ ಹೋಟೆಲಿಗೆ ನುಗ್ಗಿ ಪೂರಿ ತರಿಸಿಕೊಂಡೆ. ಎದುರಿನ ಮೇಜಿನಲ್ಲಿ ಒಬ್ಬ ಕೊಡವ ಹಿರಿಯರು ಕೂತಿದ್ದರು. ಇಸ್ತ್ರಿ ಮಾಡಿದ ಕೋಟು, ಕತ್ತರಿಸಿದ ಬಿಳಿ ಮೀಸೆ, ಮಿಲಿಟರಿಯಿಂದ ನಿವೃತ್ತರಾದವರೆಂದು ಬೆನ್ನಿನಿಂದಲೇ ಹೇಳಬಹುದಿತ್ತು. ಅವರು ಕಾಫಿಯನ್ನು ಬಸಿಗೆ ಸುರಿದು ಊದುತ್ತಿದ್ದರು. ನಾನು ಮೆಲ್ಲಗೆ ಕ್ಯಾಮೆರಾವನ್ನು ಮೇಜಿನ ಮೇಲೆ ಅವರ ಕಡೆ ತಿರುಗಿಸಿದೆ.

"ಯಾವ ಮನೆ?" ಎಂದರು ಅವರು, ತಲೆಯೆತ್ತದೆಯೇ.

ಕೊಡಗಿನಲ್ಲಿ ಮೊದಲು ಕೇಳುವುದು ಮನೆತನದ ಹೆಸರನ್ನು. ಅದು ನನಗೆ ಆಗ ತಿಳಿಯದು. "ಬಾಡಿಗೆ ಮನೆ ಸಾರ್, ಕೃಷ್ಣಮೂರ್ತಿಪುರಂ," ಎಂದೆ.

ಅವರು ಬಸಿಯನ್ನು ಕೆಳಗಿಟ್ಟರು. ಆಮೇಲೆ, "ಆ ಪೆಟ್ಟಿಗೆ ಇತ್ತ ಕೊಡಿ, ನೋಡುವ," ಎಂದರು. ಆಜ್ಞೆ ಕೊಟ್ಟು ಅಭ್ಯಾಸವಾದ ದನಿ. ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, ಅಳತೆ ಮಾಡಿದವರಂತೆ ಎರಡು ಹೆಜ್ಜೆ ಹಿಂದೆ ಸರಿದು, ನಾನು ಇಡೀ ಪೂರಿಯನ್ನು ಬಾಯಿಗೆ ತುರುಕಿಕೊಂಡ ಗಳಿಗೆಯಲ್ಲಿ ಮೊಳೆ ಅದುಮಿದರು.

"ಹೇಗಾಯಿತು ಸ್ವಾಮಿ?"

ಬಾಯಿ ತುಂಬಿದ್ದರಿಂದ ನಾನು ತಲೆಯಾಡಿಸಿದೆ. ಅವರು ಕ್ಯಾಮೆರಾವನ್ನು ನನ್ನ ಮುಂದಿಟ್ಟು, ನನ್ನ ಪೂರಿಯ ಹಣವನ್ನೂ ತಾವೇ ಕೊಟ್ಟು ಹೊರಟುಹೋದರು. ಈ ದೇಶದವರು ಅತಿಥಿಯನ್ನು ಸತ್ಕರಿಸಿಯೇ ಶಿಕ್ಷಿಸುತ್ತಾರೆ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಭಾಗಮಂಡಲ

ಭಾಗಮಂಡಲದಲ್ಲಿ ಬಸ್ಸಿಳಿದಾಗ ಚಿನ್ನಪ್ಪ ಇನ್ನೂ ಬಂದಿರಲಿಲ್ಲ. ಕಾಯುವ ಹೊತ್ತಿನಲ್ಲಿ ನದಿಗಳ ಸಂಗಮಕ್ಕೆ ಇಳಿದೆ. ನಾಲ್ಕಾರು ಜನ ಸ್ನಾನ ಮಾಡುತ್ತಿದ್ದರು. ತೆಳ್ಳಗಿನ ಅರ್ಚಕರೊಬ್ಬರು ಒದ್ದೆ ಪಂಚೆಯಲ್ಲಿ ನಡುಗುತ್ತಾ ಮಂತ್ರವನ್ನೋ ಚಳಿಯನ್ನೋ ಹೇಳುತ್ತಿದ್ದರು. ಭಕ್ತಿಯ ಸಹಜ ಚಿತ್ರ! ಬಂಡೆಯ ಮರೆಯಿಂದ ಅದುಮಿದೆ. ಮೊಳೆಯ ಸದ್ದು ನೀರಿನ ಸದ್ದನ್ನು ಮೀರಿ ಅವರ ಕಿವಿಗೆ ಹೇಗೆ ಬಿತ್ತೋ ಕಾಣೆ.

"ಏಯ್! ಒದ್ದೆ ಬಟ್ಟೇಲಿ ಇರೋರ ಫೋಟೋ ತೆಗೀತೀರಾ? ನಿಮ್ಮೂರಲ್ಲಿ ಬಚ್ಚಲುಮನೆ ಬಾಗಿಲು ತೆರೆದಿಟ್ಟು ಸ್ನಾನ ಮಾಡ್ತೀರೇನು?"

ನಾನು ಕಲೆಯ ವಿಷಯ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚಿನ್ನಪ್ಪ ಬಂದು ನನ್ನ ರಟ್ಟೆ ಹಿಡಿದ. "ತಪ್ಪಾಯ್ತು ಭಟ್ರೇ, ನಮ್ಮ ನೆಂಟ. ಮೈಸೂರು," ಎಂದ. 'ಮೈಸೂರು' ಎಂಬುದನ್ನು ಒಂದು ಕಾಯಿಲೆಯ ಹೆಸರಿನಂತೆ ಹೇಳಿದ. ಅರ್ಚಕರು ಕೂಡಲೇ ಕ್ಷಮಿಸಿದರು.

ಚಿನ್ನಪ್ಪನ ಮನೆ

ಕರಿಕೆಯ ಕಡೆ ಹೋಗುವ ದಾರಿಯಲ್ಲಿ ಎರಡು ಗುಡ್ಡ ಹತ್ತಿ ಇಳಿದರೆ ಚಿನ್ನಪ್ಪನ ಮನೆ. ಕೆಳಗೆ ಕೊಯ್ಲು ಮುಗಿದ ಗದ್ದೆ, ಮೇಲೆ ಏಲಕ್ಕಿ ಕಾಡು, ಪಕ್ಕದಲ್ಲಿ ಒಂದಿಷ್ಟು ಕಾಫಿ. ಮನೆಯಲ್ಲಿ ಚಿನ್ನಪ್ಪ, ಅವನ ಹೆಂಡತಿ ದೇವಕಿ, ಅವರ ಇಬ್ಬರು ಹೆಣ್ಣುಮಕ್ಕಳು, ಮತ್ತು ಚಿನ್ನಪ್ಪನ ತಂದೆಯ ತಾಯಿ ನೀಲಮ್ಮ. ಅಜ್ಜಿಗೆ ಎಂಬತ್ತರ ಹತ್ತಿರ. ಮನೆಯ ಯಜಮಾನಿಕೆ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವರ ಮನೆಮಾತು ಅರೆಭಾಷೆ. ನನಗೆ ತಿಳಿಯಲೆಂದು ಅಜ್ಜಿ ಅದರಲ್ಲಿ ಅರ್ಧ ಬಿಟ್ಟು, ನಮ್ಮ ಕನ್ನಡದಲ್ಲಿ ಅರ್ಧ ಸೇರಿಸಿ ಮಾತಾಡುತ್ತಿದ್ದಳು. 'ಇದೆ' ಎನ್ನಲು 'ಉಟ್ಟು', 'ಬೇಡ' ಎನ್ನಲು 'ಬೊತ್ತು'. ಈ ಎರಡರಲ್ಲಿ ಮೊದಲನೆಯದು ಅನ್ನದ ವಿಷಯದಲ್ಲೂ ಎರಡನೆಯದು ಫೋಟೋದ ವಿಷಯದಲ್ಲೂ ನನ್ನ ಕಿವಿಗೆ ಬಿದ್ದವು.

"ಅಜ್ಜಿ, ನಿಮ್ಮದೊಂದು ಫೋಟೋ ತೆಗೆಯಲಾ?" ಎಂದು ಬಂದ ಸಂಜೆಯೇ ಕೇಳಿದೆ.

"ಬೊತ್ತು," ಎಂದಳು ಅಜ್ಜಿ. "ರೊಟ್ಟಿ ಉಟ್ಟು, ಹಾಕಿಕೊಳ್ಳಿ."

ಕೇಳಿದ್ದೇ ತಪ್ಪು ಎಂದುಕೊಂಡೆ. ಕೇಳಿದರಲ್ಲವೇ ಬೇಡ ಎನ್ನುವುದು? ಮರುದಿನ ಬೆಳಿಗ್ಗೆ ನಾನು ಜಗುಲಿಯಲ್ಲಿ ಕೂತು ಕಾದೆ. ಅಂಗಳದಲ್ಲಿ ಕಾಫಿ ಹಣ್ಣು ಒಣಹಾಕಿತ್ತು. ಅಜ್ಜಿ ಹಳೆಯ ರವಿಕೆಯಲ್ಲಿ, ಬಾಯಲ್ಲಿ ವೀಳ್ಯ ತುಂಬಿಕೊಂಡು, ಕೋಲು ಹಿಡಿದು ಕೋಳಿಗಳನ್ನು ಅಟ್ಟುತ್ತಿದ್ದಳು. ಒಂದು ಹುಂಜ ಮಾತ್ರ ಅಜ್ಜಿಯ ಅಧಿಕಾರವನ್ನು ಒಪ್ಪಲಿಲ್ಲ. ಅತ್ತ ಓಡಿಸಿದರೆ ಇತ್ತ ಬಂತು, ಇತ್ತ ಓಡಿಸಿದರೆ ಹಾರಿ, ತಂತಿಯ ಮೇಲೆ ಒಣಗುತ್ತಿದ್ದ ನನ್ನ ಪಂಚೆಯ ಮೇಲೆ ಕೂತು, ಅಲ್ಲಿಯೇ ತನ್ನ ಅಭಿಪ್ರಾಯವನ್ನು ವಿಸರ್ಜಿಸಿತು. ಅಜ್ಜಿ ಕೋಲು ಬಿಟ್ಟು ನಕ್ಕಳು. ಎಂಥ ನಗು! ಬಾಯಿ ಇಷ್ಟಗಲ, ಇದ್ದ ಎರಡು ಹಲ್ಲೂ ಹೊರಗೆ, ಕೆಂಪು ರಸ ಗಲ್ಲಕ್ಕೆ ಇಳಿದಿತ್ತು, ಕಣ್ಣು ಮುಚ್ಚಿಹೋಗಿತ್ತು. ಮೊಳೆ ಅದುಮಿದೆ. ಅಜ್ಜಿಗೆ ಗೊತ್ತಾಗಲಿಲ್ಲ. ಹೆಡ್‌ಮಾಸ್ತರರ ತಮ್ಮ ಇದನ್ನು ನೋಡಬೇಕು ಎಂದುಕೊಂಡೆ.

ಅಂದು ಮಧ್ಯಾಹ್ನ ಊಟವಾದ ಮೇಲೆ ನಾವೆಲ್ಲ ಜಗುಲಿಯಲ್ಲಿ ಕೂತಿದ್ದೆವು. ಚಿನ್ನಪ್ಪನ ಸಂಸಾರದ ಒಂದು ಚಿತ್ರ ತೆಗೆದಿದ್ದೆ. ಸುರುಳಿಯಲ್ಲಿ ಉಳಿದದ್ದು ಒಂದೇ. ಅಜ್ಜಿ ಕಂಬಕ್ಕೆ ಒರಗಿ ಸಣ್ಣ ಕುಟ್ಟಣಿಗೆಯಲ್ಲಿ ಅಡಿಕೆ ಕುಟ್ಟುತ್ತಿದ್ದಳು. ನಾನು ಸೇತುವೆಯ ಪೊಲೀಸಿನವನ ಕಥೆ ಹೇಳಿದೆ. ಆಕಳಿಕೆಯನ್ನು ಅಭಿನಯಿಸಿದೆ. ಮೀಸೆ ತಿರುವಿ ಎದೆಯುಬ್ಬಿಸಿ ನಿಂತು ತೋರಿಸಿದೆ. ಚಿನ್ನಪ್ಪ ಹೊಟ್ಟೆ ಹಿಡಿದು ನಗುತ್ತಿದ್ದ. ಕೊನೆಗೆ ಚೀಟಿ ಬಿದಿರಿನ ಮೇಲೆ ಹಾರಿಹೋದದ್ದನ್ನು ಕೈಯಲ್ಲಿ ಮಾಡಿ ತೋರಿಸಿದೆ.

ಕುಟ್ಟಣಿಗೆಯ ಸದ್ದು ನಿಂತಿತು.

"ಚೀಟಿ ಬಿಸಾಡಿದ್ರಾ?" ಎಂದಳು ಅಜ್ಜಿ.

"ಎಷ್ಟು ಜನಕ್ಕೆ ಅಂತ ಕಳಿಸೋದು ಅಜ್ಜಿ?"

"ಕಳಿಸ್ತೇನೆ ಅಂತ ಹೇಳಿದ್ದಿರಾ?"

"ಬಾಯಿ ಮಾತಿಗೆ ಹೇಳ್ತೀವಪ್ಪ..."

ಅಜ್ಜಿ ಕುಟ್ಟಣಿಗೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು.

"ಇವನ ಅಪ್ಪ ಹುಟ್ಟುವ ಮುಂಚೆ. ಜಮೀನು ಅಳತೆಗೆ ಅಂತ ಒಬ್ಬ ಬಿಳಿ ದೊರೆ ಬಂದಿದ್ದ. ಮೂರು ಕಾಲಿನ ಮೇಲೆ ಪೆಟ್ಟಿಗೆ, ಕರಿ ಬಟ್ಟೆಯೊಳಗೆ ತಲೆ. ನನ್ನನ್ನೂ ನನ್ನ ಹಿರಿ ಮಗಳನ್ನೂ ಇಲ್ಲೇ ಈ ಅಂಗಳದಲ್ಲಿ ನಿಲ್ಲಿಸಿದ. ಸೀತೆ ಅಂತ ಮಗುವಿನ ಹೆಸರು. ಮೂರು ವರ್ಷ. ಚಿತ್ರ ಕಳಿಸ್ತೇನೆ ಅಂತ ಹೇಳಿದ. ಅವನ ಸಂಗಡ ಇದ್ದ ಗುಮಾಸ್ತ ಅದನ್ನ ಕನ್ನಡದಲ್ಲಿ ಹೇಳಿದ. ಎರಡು ಸಲ ಹೇಳಿದ."

ನಗುತ್ತಿದ್ದ ಚಿನ್ನಪ್ಪ ನೆಟ್ಟಗೆ ಕೂತ. ಅವನಿಗೂ ಇದು ಗೊತ್ತಿರಲಿಲ್ಲವೆಂದು ಕಾಣುತ್ತದೆ.

"ಮುಂದಿನ ಕಕ್ಕಡದ, ನಿಮ್ಮ ಆಷಾಢದ, ಮಳೆಗೆ ಮಗುಗೆ ಜ್ವರ ಬಂತು. ಹೋಯಿತು. ಟಪಾಲಿನವ ಭಾಗಮಂಡಲಕ್ಕೆ ಬಂದಾಗೆಲ್ಲ ಜನ ಕಳಿಸಿ ಕೇಳ್ತಿದ್ದೆ. ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ. ಆಮೇಲೆ ಆ ಟಪಾಲಿನವನೂ ಸತ್ತ. ಆ ಚಿತ್ರ ಈಗ ಯಾವ ಊರಿನ ಪೆಟ್ಟಿಗೆಯಲ್ಲಿ ಉಟ್ಟೋ. ಅಲ್ಲಿ ಯಾರಿಗೂ ಅದು ಯಾರ ಮಗು ಅಂತ ಗೊತ್ತಿಲ್ಲೆ."

ಹಿಂದೂಸ್ಥಾನದ ಚರಿತ್ರೆಯನ್ನು ಹನ್ನೆರಡು ವರ್ಷ ಪಾಠ ಹೇಳಿದ್ದೆ. ಆಂಗ್ಲರು ಏನೇನು ಕೊಂಡೊಯ್ದರು ಎಂಬ ಪ್ರಶ್ನೆಗೆ ಹತ್ತು ಅಂಕದ ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಈ ಮಗು ಅದರಲ್ಲಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಜ್ಜಿ ನನ್ನನ್ನು ಆ ದೊರೆಯ ಪಕ್ಕದಲ್ಲಿ ಕೂರಿಸಿಬಿಟ್ಟಿದ್ದಳು, ಮತ್ತು ನನಗೆ ಎದ್ದುಬರಲು ದಾರಿ ಕಾಣಲಿಲ್ಲ.

ಅಜ್ಜಿ ಎದ್ದು ಒಳಗೆ ಹೋದಳು. ಬಹಳ ಹೊತ್ತಾದ ಮೇಲೆ ಹೊರಗೆ ಬಂದಾಗ, ಹಿಂದಕ್ಕೆ ನೆರಿಗೆ ಬಿಟ್ಟ ಒಳ್ಳೆಯ ಸೀರೆ ಉಟ್ಟು, ತಲೆಗೆ ಬಿಳಿ ವಸ್ತ್ರ ಕಟ್ಟಿ, ಬಾಯಿ ತೊಳೆದುಕೊಂಡು ಬಂದಿದ್ದಳು. ಅಂಗಳದ ನಡುವೆ ಹೋಗಿ ನಿಂತಳು.

"ತೆಗೀರಿ," ಎಂದಳು.

ಈ ಸಲ ಕ್ಯಾಮೆರಾವನ್ನು ಎರಡು ಕೈಯಲ್ಲೂ ಬಿಗಿಯಾಗಿ ಅಪ್ಪಿ ಹಿಡಿದೆ. ಉಳಿದಿದ್ದ ಒಂದೇ ಚಿತ್ರ. ಅಜ್ಜಿ ದೇವಸ್ಥಾನದ ದ್ವಾರಪಾಲಕಿಯಂತೆ ನಿಂತಿದ್ದಳು, ಆದರೆ ಆಗ ನನಗೆ ಸಿದ್ಧಾಂತ ನೆನಪಾಗಲಿಲ್ಲ. ಉಸಿರು ಬಿಗಿಹಿಡಿದು ಮೊಳೆ ಅದುಮಿದೆ. ನಡುಮನೆಯ ಕತ್ತಲಿಗೆ ಹೋಗಿ ಸುರುಳಿ ತೆಗೆದು, ಕಾಗದ ಸುತ್ತಿ ತಂದೆ.

"ಚಿತ್ರ ಎಲ್ಲಿ ಉಟ್ಟು? ಸುರುಳಿಯಲ್ಲೋ ಪೆಟ್ಟಿಗೆಯಲ್ಲೋ?" ಎಂದು ಅಜ್ಜಿ ಕೇಳಿದಳು.

"ಸುರುಳಿಯಲ್ಲಿ ಅಜ್ಜಿ."

"ಹಾಗಾದರೆ ಸುರುಳಿ ತಗೊಂಡು ಹೋಗಿ. ಪೆಟ್ಟಿಗೆ ಇಲ್ಲಿ ಇರಲಿ."

"ಅಜ್ಜಿ, ಅದು ನನ್ನ ಭಾವನದು..."

"ಚಿತ್ರ ಬರಲಿ. ಪೆಟ್ಟಿಗೆ ಹೋಗ್ತದೆ. ಆ ಪೊಲೀಸಿನವನದ್ದೂ ಕೊಟ್ಟು ಬನ್ನಿ."

ಚಿನ್ನಪ್ಪ ನನ್ನ ಪರವಾಗಿ ವಾದಿಸಿದ. "ಎಂತ ಅಜ್ಜಿ, ಮನೆಗೆ ಬಂದ ನೆಂಟರ ಹತ್ತಿರ..." ಅಜ್ಜಿ ಕ್ಯಾಮೆರಾವನ್ನು ಒಂದು ಟವಲಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಪೆಟಾರಿಯ ಮುಚ್ಚಳ ಬಿದ್ದ ಸದ್ದು, ಬೀಗದ ಸದ್ದು, ಎರಡೂ ಹೊರಗೆ ಕೇಳಿಸಿದವು.

"ಇನ್ನು ದೇವರು ಬಂದರೂ ಆಗದು ಮಾರಾಯ," ಎಂದ ಚಿನ್ನಪ್ಪ.

ಮೈಸೂರು

ಹಿಂದಿರುಗುವಾಗ ಸೇತುವೆಯ ಹತ್ತಿರ ಅದೇ ಪೊಲೀಸಿನವನು ನನ್ನ ಗುರುತು ಹಿಡಿದು ಕೈಬೀಸಿದ. ಬಸ್ಸಿನಿಂದಿಳಿದು, ವಿಳಾಸವನ್ನು ಇನ್ನೊಂದು ಸಲ ಬರೆದುಕೊಡಿ ಎಂದು ಕೇಳಿದೆ. "ಯಾಕೆ, ಕಳೆದುಹೋಯಿತಾ?" ಎಂದ. "ಗಾಳಿ ಜಾಸ್ತಿ ಇತ್ತು," ಎಂದೆ. ಪಾಪ, ನಂಬಿದ.

ಲಲಿತೆಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿ, "ಅಜ್ಜಿ ಸರಿಯಾಗಿ ಮಾಡಿದ್ದಾರೆ," ಎಂದಳು. ಆಮೇಲೆ, "ಅಣ್ಣ ಕೇಳಿದರೆ ನೀವೇ ಹೇಳಿ," ಎಂದಳು.

ಅಣ್ಣ ಮರುದಿನವೇ ಕೇಳಿದರು. ಎಂಬತ್ತು ವರ್ಷದ ಹೆಂಗಸೊಬ್ಬಳು ನನ್ನನ್ನು ನಂಬದೆ ನಿಮ್ಮ ಕ್ಯಾಮೆರಾವನ್ನು ಪೆಟಾರಿಯಲ್ಲಿಟ್ಟು ಬೀಗ ಹಾಕಿದ್ದಾಳೆ ಎಂದು ಹೇಳುವ ಧೈರ್ಯ ಬರಲಿಲ್ಲ. "ಕೊಡಗಿನಲ್ಲಿ ಹಿಡಿದಿಟ್ಟುಕೊಂಡಿದ್ದಾರೆ ಭಾವ. ಪರರಾಜ್ಯ ಅಲ್ಲವೇ, ಕಾನೂನು ಕಟ್ಟುನಿಟ್ಟು," ಎಂದೆ. ಹಿಡಿದಿಟ್ಟುಕೊಂಡದ್ದು ನಿಜ, ಕಾನೂನು ಕಟ್ಟುನಿಟ್ಟಾದದ್ದೂ ನಿಜ. ಆದ್ದರಿಂದ ಇದನ್ನು ಪೂರ್ತಿ ಸುಳ್ಳೆನ್ನಲಾಗದು. ಆದರೆ ಭಾವನಿಗೆ ಅರ್ಜಿ ಬರೆಯುವುದೆಂದರೆ ಸಂಗೀತಗಾರನಿಗೆ ತಂಬೂರಿ ಸಿಕ್ಕ ಹಾಗೆ ಎಂಬುದನ್ನು ನಾನು ಮರೆತಿದ್ದೆ. ಅವರು ಕೊಡಗು ಸರ್ಕಾರಕ್ಕೆ ನಾಲ್ಕು ಹಾಳೆಯ ಅರ್ಜಿಯೊಂದನ್ನು ತಯಾರು ಮಾಡಿದರು. ಮೈಸೂರಿನ ಪ್ರಜೆಯ ಸ್ವತ್ತನ್ನು ನೆರೆರಾಜ್ಯವು ವಶಪಡಿಸಿಕೊಂಡಿರುವುದು ಎರಡು ರಾಜ್ಯಗಳ ಸೌಹಾರ್ದಕ್ಕೆ ಹೇಗೆ ಧಕ್ಕೆ ತರುತ್ತದೆ ಎಂಬುದು ಅದರ ಸಾರ. ಟೈಪು ಮಾಡಿಸಲು ಕೊಟ್ಟರು. ಟೈಪಿಸ್ಟನಿಗೆ ಜ್ವರ ಬಂದದ್ದರಿಂದ ಯುದ್ಧ ಸ್ವಲ್ಪ ದಿನ ಮುಂದಕ್ಕೆ ಹೋಯಿತು.

ಅಷ್ಟರಲ್ಲಿ ಸ್ಟುಡಿಯೋದಿಂದ ಚಿತ್ರಗಳು ಬಂದವು. ಅಂಗಡಿಯ ಮುಂದೆಯೇ ನಿಂತು ನೋಡಿದೆ. ಪೊಲೀಸಿನವನ ಆಕಳಿಕೆ ಅಲ್ಲಾಡಿ, ಅವನ ಮುಖದ ಜಾಗದಲ್ಲಿ ಒಂದು ಗುಹೆ ಬಂದಿತ್ತು. ಅವನು ಎದೆಯುಬ್ಬಿಸಿ ನಿಂತದ್ದು ಮಾತ್ರ ಗುಂಡಿ ಗುಂಡಿಯೂ ಎಣಿಸುವ ಹಾಗೆ ಬಂದಿತ್ತು. ಆರು ಬೆನ್ನು ಸೊಗಸಾಗಿದ್ದವು. ನನ್ನ ಪೂರಿಯ ಚಿತ್ರವನ್ನು ನೋಡಿ ಸ್ಟುಡಿಯೋದವನು, "ಇದು ಯಾರು ತೆಗೆದದ್ದು ಸಾರ್? ಒಳ್ಳೇ ಕೈ," ಎಂದ. ಅಜ್ಜಿ ಹುಂಜದ ಜೊತೆ ನಗುತ್ತಿದ್ದದ್ದು ಹಲ್ಲು, ವೀಳ್ಯದ ರಸ, ರವಿಕೆಯ ತೇಪೆ ಸಮೇತ ಕನ್ನಡಿಯಂತೆ ಬಂದಿತ್ತು.

ಕೊನೆಯದು, ಅಜ್ಜಿ ಒಳ್ಳೆಯ ಸೀರೆ ಉಟ್ಟು ನಿಂತದ್ದು. ಸೀರೆಯಿತ್ತು. ಅಂಗಳವಿತ್ತು. ಮುಖದ ಜಾಗದಲ್ಲಿ, ಮೋಡದ ಹಾಗೆ ದೊಡ್ಡದಾಗಿ, ನನ್ನ ಹೆಬ್ಬೆರಳಿತ್ತು.

ಸ್ಟುಡಿಯೋದವನಿಗೆ, "ಇದನ್ನೇನಾದರೂ ಅಳಿಸಲಿಕ್ಕೆ ಆಗುತ್ತಾ?" ಎಂದೆ.

"ಬೆರಳು ಅಳಿಸಬಹುದು ಸಾರ್. ಕೆಳಗೆ ಮುಖ ಇಲ್ಲವಲ್ಲ," ಎಂದ.

ಮತ್ತೆ ಆ ಅಂಗಳ

ಟೈಪಿಸ್ಟನ ಜ್ವರ ಬಿಟ್ಟಿತೆಂದು ತಿಳಿದ ಮೇಲೆ ತಡೆಯಲಾಗಲಿಲ್ಲ. ಶಿವರಾತ್ರಿ ರಜೆಗೆ ಮತ್ತೆ ಬಸ್ಸು ಹತ್ತಿದೆ. ಸೇತುವೆಯಲ್ಲಿ ಪೊಲೀಸಿನವನ ಕೈಗೆ ಅವನ ಚಿತ್ರ ಕೊಟ್ಟೆ. ಅವನು ಅದನ್ನು ಟೋಪಿಯೊಳಗಿಟ್ಟು, ಟೋಪಿಯನ್ನು ತಲೆಗಿಡದೆ ಎರಡು ಕೈಯಲ್ಲಿ ಹಿಡಿದುಕೊಂಡು, ಬಸ್ಸು ಹೋಗುವ ತನಕ ನಿಂತಿದ್ದ. ಈ ಸಲ ನನ್ನ ಬಳಿ ಕ್ಯಾಮೆರಾ ಇರಲಿಲ್ಲ. ಕೈ ಖಾಲಿಯಾಗಿದ್ದರಿಂದಲೋ ಏನೋ, ದಾರಿಯುದ್ದಕ್ಕೂ ಜನ ನನ್ನ ಜೊತೆ ಮಾತಾಡಿದರು.

ಅಜ್ಜಿ ಜಗುಲಿಯಲ್ಲಿ ಕಾಳುಮೆಣಸು ಹಸನು ಮಾಡುತ್ತಿದ್ದಳು. ಚಿನ್ನಪ್ಪ, ದೇವಕಿ ಹತ್ತಿರ ಬಂದು ಕೂತರು. ಸಂಸಾರದ ಚಿತ್ರವನ್ನು ಚಿನ್ನಪ್ಪನ ಕೈಗಿಟ್ಟೆ. ಅಜ್ಜಿಗೆಂದು ಬೇರೆ ಎರಡು ಲಕೋಟೆ ತಂದಿದ್ದೆ. ದಾರಿಯಲ್ಲಿ ಹತ್ತು ಬಗೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ಬೆಳಕು ಸರಿಯಿರಲಿಲ್ಲ, ಸುರುಳಿ ಹಳೆಯದು, ವಿದೇಶೀ ಯಂತ್ರ. ಅಜ್ಜಿಯ ಮುಖ ನೋಡಿದ ಮೇಲೆ ಒಂದೂ ಬಾಯಿಗೆ ಬರಲಿಲ್ಲ.

"ಅಜ್ಜಿ, ನೀವು ನಿಂತದ್ದನ್ನ ನಾನು ಕೆಡಿಸಿದೆ," ಎಂದು ಹೆಬ್ಬೆರಳಿನ ಚಿತ್ರ ಕೊಟ್ಟೆ. "ಇನ್ನೊಂದು ಉಂಟು. ಅದು ನಿಮಗೆ ಹೇಳದೆ ಕದ್ದು ತೆಗೆದದ್ದು. ಬೇಡ ಅಂದಮೇಲೂ ತೆಗೆದೆ. ಬೇಡವಾದರೆ ಹರಿದು ಒಲೆಗೆ ಹಾಕಿ."

ಅಜ್ಜಿ ಮೊದಲನೆಯದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹೆಬ್ಬೆರಳನ್ನು ತನ್ನ ಹೆಬ್ಬೆರಳಿನಿಂದ ಮುಟ್ಟಿ, ನನ್ನ ಕೈ ನೋಡಿ, ಪಕ್ಕಕ್ಕಿಟ್ಟಳು. ಎರಡನೆಯದನ್ನು ಕೈಗೆತ್ತಿಕೊಂಡಳು. ಬೆಳಕಿಗೆ ಹಿಡಿದಳು. ದೂರ ಹಿಡಿದಳು. ದೇವಕಿ ಇಣುಕಿ ನೋಡಿ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟಳು. ಅಜ್ಜಿ ನಗಲಿಲ್ಲ.

"ನಾನು ಹೀಗೆ ಉಟ್ಟಾ?" ಎಂದು ಚಿನ್ನಪ್ಪನನ್ನು ಕೇಳಿದಳು.

"ಹೌದಜ್ಜಿ. ನಕ್ಕರೆ ಹೀಗೇ," ಎಂದ ಚಿನ್ನಪ್ಪ, ಅಂಜುತ್ತಾ.

ಅಜ್ಜಿ ಚಿತ್ರವನ್ನು ಮತ್ತೆ ಬೆಳಕಿಗೆ ತಿರುಗಿಸಿದಳು. ನಾನು ಮೊರದಲ್ಲಿದ್ದ ಕಾಳುಮೆಣಸನ್ನೇ ನೋಡುತ್ತಿದ್ದೆ. ಭಾವನ ಅರ್ಜಿ, ಎರಡು ರಾಜ್ಯಗಳ ಸೌಹಾರ್ದ ಎಲ್ಲವೂ ಮನಸ್ಸಿನಿಂದ ಹೋಗಿಬಿಟ್ಟಿದ್ದವು. ಕ್ಯಾಮೆರಾ ಅಲ್ಲೇ ಇರಲಿ, ಈಕೆ ಒಂದು ಮಾತಾಡಿದರೆ ಸಾಕು ಎನ್ನಿಸಿತ್ತು.

ಅಜ್ಜಿ ಎದ್ದು ಒಳಗೆ ಹೋದಳು. ಪೆಟಾರಿಯ ಸದ್ದಾಯಿತು. ಕ್ಯಾಮೆರಾವನ್ನು ತಂದು, ಅದರ ಮೇಲಿನ ಟವಲು ಬಿಚ್ಚಿ ಮಡಿಸಿ, ನನ್ನ ಮಡಿಲಿಗಿಟ್ಟಳು. ಧೂಳಿನ ಒಂದು ಕಣವೂ ಅದರ ಮೇಲಿರಲಿಲ್ಲ. ಮೂಲೆಯಲ್ಲಿ ಭಾವನೇ ಮಾಡಿದ್ದ ಎಣ್ಣೆಯ ಕಲೆಯೊಂದು ಹೋಗಿತ್ತು.

"ಕೆಟ್ಟದ್ದನ್ನೂ ತಂದು ಕೊಟ್ಟಿರಿ," ಎಂದಳು. "ಅದು ಸಾಕು."

ಮತ್ತೆ ಕಂಬಕ್ಕೆ ಒರಗಿ ಕೂತು, ನಗುವ ಚಿತ್ರವನ್ನು ಮೊಣಕಾಲ ಮೇಲಿಟ್ಟುಕೊಂಡಳು.

"ಆ ದೊರೆ ತೆಗೆದದ್ದರಲ್ಲೂ ನಾನು ಹೀಗೇ ಬಂದಿದ್ದೆನೋ ಏನೋ. ಮೂಗಿಗೆ ನೊಣ ಕೂತಿತ್ತು, ಅಲ್ಲಾಡಿದ್ದೆ. ಇಷ್ಟು ವರ್ಷ ಅದರಲ್ಲಿ ಬಹಳ ಚಂದ ಇದ್ದೇನೆ ಅಂತ ತಿಳ್ಕೊಂಡಿದ್ದೆ," ಎಂದು ಈಗ ನಕ್ಕಳು. ಆಮೇಲೆ ಅಂಗಳದ ಕಡೆ ನೋಡುತ್ತಾ ಹೇಳಿದಳು:

"ಮಗು ಮಾತ್ರ ಅಲ್ಲಾಡದೆ ನಿಂತಿತ್ತು. ಅದರದ್ದು ಚಂದ ಬಂದಿರ್ತದೆ."